ಮರವನ್ನು ಅಪ್ಪಿಕೊಂಡೆವು, ಮರ ಕೊಯ್ಯುವವನನ್ನು ಮರೆತೆವು

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಮೇಲಿನ ಗುಡ್ಡದಲ್ಲಿ ಅಕೇಶಿಯಾ ನೆಡುತೋಪಿನ ಕಟಾವು ನಡೆಯಿತು. ಯಂತ್ರಗಳ ಓಡಾಟದಿಂದ ಮೇಲ್ಮಣ್ಣಿಗೆ ಎಷ್ಟು ಹಾನಿಯಾಗುತ್ತಿದೆ ಎಂಬುದನ್ನು ನೋಡಿಬರಲು ನಾನು ಅಲ್ಲಿಗೆ ಹೋಗಿದ್ದೆ. ಐದು ಮಂದಿ ಕೆಲಸಗಾರರು, ಎರಡು ಗರಗಸದ ಯಂತ್ರ, ಒಂದು ಹಿಟಾಚಿ. ಗರಗಸ ಹಿಡಿದವನ ಕಾಲಿಗೆ ಹವಾಯಿ ಚಪ್ಪಲಿ, ತಲೆಗೆ ಸುತ್ತಿದ ಟವೆಲು. ಮಧ್ಯಾಹ್ನದ ಹೊತ್ತಿಗೆ ಕೊಯ್ದ ಮರವೊಂದು ನೆಲಕ್ಕೆ ಬೀಳದೆ ಪಕ್ಕದ ಮರದ ಕವಲಿಗೆ ಸಿಕ್ಕಿಕೊಂಡು ಓರೆಯಾಗಿ ನಿಂತಿತು. ಆಸರೆಯಾಗಿ ನಿಂತಿರುವ ಮರವನ್ನೇ ಕೊಯ್ದುಬಿಡು ಎಂದು ಮೇಸ್ತ್ರಿ ಕೂಗಿ ಹೇಳಿದ. ಆತ ಕೊಯ್ದ. ಎರಡು ಮರಗಳೂ ಒಟ್ಟಿಗೆ ಬಂದವು. ಹಿಂದೆ ಸರಿಯಲು ದಾರಿಯಿರಲಿಲ್ಲ. ಬೆಳಗಿನಿಂದ ಸವರಿ ಹಾಕಿದ್ದ ಕೊಂಬೆರೆಂಬೆಗಳ ರಾಶಿ ಅವನ ಬೆನ್ನ ಹಿಂದೆಯೇ ಇತ್ತು. ಮಂಡಿಯ ಕೆಳಗೆ ಬಲಗಾಲು ಜಜ್ಜಿಹೋಯಿತು. ಪಿಕಪ್ ವಾಹನದ ಹಿಂಬದಿಯಲ್ಲಿ ಮಲಗಿಸಿ ಪಟ್ಟಣದ ಆಸ್ಪತ್ರೆ ಮುಟ್ಟಿಸುವಾಗ ಎರಡು ಗಂಟೆ ಕಳೆದಿತ್ತು. ಅಲ್ಲಿ ಬರೆಸಿದ ಕಾರಣ: ಮನೆಯ ಹತ್ತಿರ ಜಾರಿ ಬಿದ್ದದ್ದು.

ಆ ಸಂಜೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದದ್ದೇನು? ಯಂತ್ರದ ಜಾಡಿನ ಆಳ, ಜಾಡುಗಳ ನಡುವಿನ ಅಂತರ, ಇಳಿಜಾರಿನ ಅಳತೆ. ಕಾಲು ಕಳೆದುಕೊಂಡವನ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಆ ಟಿಪ್ಪಣಿಯನ್ನು ಓದಿದೆ. ಮಣ್ಣಿನ ಬಗ್ಗೆ ಹತ್ತು ಪ್ರಶ್ನೆಗಳು ಬಂದವು. ಕೊಯ್ದವರು ಯಾರು, ಅವರೇನಾದರು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಈ ಲೇಖನ ಗುತ್ತಿಗೆದಾರರ ಮತ್ತು ಸರ್ಕಾರದ ವಿರುದ್ಧ ಎಷ್ಟಿದೆಯೋ ಅಷ್ಟೇ ನಮ್ಮ ವಿರುದ್ಧವೂ ಇದೆ.

ನಾವು ಬೇಡವೆಂದ ಮರ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ನಮಗೆ ಕೊಟ್ಟ ಮಂತ್ರದಲ್ಲಿ ಮೂರು ಮಾತುಗಳಿವೆ: ಉಳಿಸು, ಬೆಳೆಸು, ಬಳಸು. ಮೊದಲ ಎರಡನ್ನು ನಾವು ಭಾಷಣಗಳಲ್ಲಿ ಸಾವಿರ ಸಲ ಹೇಳಿದ್ದೇವೆ. ಮೂರನೆಯ ಮಾತಿನ ಅರ್ಥವನ್ನು ಮಾತ್ರ ಕೊನೆಯವರೆಗೆ ಯೋಚಿಸಲಿಲ್ಲ. ಬಳಸಬೇಕಾದರೆ ಯಾರೋ ಕೊಯ್ಯಬೇಕು. ಯಾರೋ ದಿಮ್ಮಿಯನ್ನು ಎಳೆಯಬೇಕು, ಲಾರಿಗೆ ಏರಿಸಬೇಕು, ಘಟ್ಟದ ತಿರುವುಗಳಲ್ಲಿ ಇಳಿಸಬೇಕು. ಆ 'ಯಾರೋ' ನಮ್ಮ ಮಂತ್ರದಲ್ಲಿ ಇಲ್ಲ.

ಅಕೇಶಿಯಾದ ವಿಷಯವನ್ನೇ ತೆಗೆದುಕೊಳ್ಳಿ. 1980ರಲ್ಲಿ ಮೈಸೂರು ಕಾಗದ ಕಾರ್ಖಾನೆಗೆ ಮಲೆನಾಡಿನ 30 ಸಾವಿರ ಹೆಕ್ಟೇರಿಗೂ ಮೀರಿದ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. 2020ರಲ್ಲಿ ಗುತ್ತಿಗೆ ಮುಗಿಯುವ ಹೊತ್ತಿಗೆ, ನಮ್ಮೂರಿಗೆ ಅಕೇಶಿಯಾ ಬೇಡ, ಸಹಜ ಕಾಡು ಮರಳಿ ಬರಲಿ ಎಂದು ಮಲೆನಾಡಿನ ಊರೂರುಗಳಲ್ಲಿ ಕೂಗೆದ್ದಿತು. ಆ ಬೇಡಿಕೆ ಸರಿಯಾದುದು. ಇಂದಿಗೂ ಅದನ್ನು ಬಿಡಬೇಕಾಗಿಲ್ಲ. ಆದರೆ ಅಕೇಶಿಯಾ ಬೇಡವೆಂದರೆ ಅದು ತಾನಾಗಿ ಮಾಯವಾಗುವುದಿಲ್ಲ. ಸಾವಿರಾರು ಹೆಕ್ಟೇರಿನ ಮರವನ್ನು ಇಳಿಜಾರುಗಳ ಮೇಲೆ ನಿಂತು ಮನುಷ್ಯರೇ ಕೊಯ್ಯಬೇಕು. ನಾವು ಬೇಡವೆಂದ ಮರವನ್ನು ಕೊಯ್ಯುವವನ ಜೀವಕ್ಕೆ ನಾವು ಹೊಣೆಗಾರರಲ್ಲವೆ?

ಯಂತ್ರ ಬಂದಿತು, ವಿದ್ಯೆ ಬರಲಿಲ್ಲ

ಕೊಡಲಿಯ ಕಾಲದಲ್ಲಿ ಮರ ಕಡಿಯುವುದು ಒಂದು ವಿದ್ಯೆಯಾಗಿತ್ತು. ತಂದೆಯಿಂದ ಮಗನಿಗೆ, ಹಿರಿಯನಿಂದ ಕಿರಿಯನಿಗೆ ಬರುತ್ತಿತ್ತು. ಮರದ ವಾಲು, ಗಾಳಿಯ ದಿಕ್ಕು, ನೆತ್ತಿಯಲ್ಲಿ ಹೆಣೆದುಕೊಂಡ ಬಳ್ಳಿ ಇವೆಲ್ಲವನ್ನೂ ನೋಡಿ ಕೊಡಲಿ ಇಡಲು ಸಮಯವಿತ್ತು. ಗರಗಸದ ಯಂತ್ರ ಆ ಸಮಯವನ್ನು ನಿಮಿಷಗಳಿಗೆ ಇಳಿಸಿತು. ಅಂಗಡಿಯಲ್ಲಿ ಹಣ ಕೊಟ್ಟವರಿಗೆಲ್ಲ ಯಂತ್ರ ಸಿಗುತ್ತದೆ. ಅದರ ಜೊತೆಗೆ ವಿದ್ಯೆ ಸಿಗುವುದಿಲ್ಲ.

ಆ ಯಂತ್ರದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಅದರ ಪಟ್ಟಿಯ ಮೂತಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಾಗಿದರೆ, ಯಂತ್ರ ಹಿಡಿದವನ ಮುಖ ಮತ್ತು ಕುತ್ತಿಗೆಯ ಕಡೆಗೆ ಕಣ್ಣು ಮಿಟುಕಿಸುವುದರೊಳಗೆ ಚಿಮ್ಮುತ್ತದೆ. ಇದನ್ನು ತಡೆಯಲೆಂದೇ 1970ರ ದಶಕದಲ್ಲಿ ಚೈನ್ ಬ್ರೇಕ್ ಬಂದಿತು. ಇಂದು ಹಳ್ಳಿಗಳಲ್ಲಿ ಓಡುವ ಎಷ್ಟೋ ಹಳೆಯ ಯಂತ್ರಗಳಲ್ಲಿ ಆ ಬ್ರೇಕು ಮುರಿದುಹೋಗಿದೆ, ಇಲ್ಲವೆ ಕೆಲಸಕ್ಕೆ ಅಡ್ಡಿಯೆಂದು ಬಿಚ್ಚಿಡಲಾಗಿದೆ. ಯಂತ್ರದ ಸದ್ದು 100 ಡೆಸಿಬಲ್ ಮೀರುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಲೆಕ್ಕ ಹಾಕುವ ವಿಜ್ಞಾನ, 100 ಡೆಸಿಬಲ್ಲಿಗೆ ಕೊಡುವ ಅವಕಾಶ ಕೇವಲ ಹದಿನೈದು ನಿಮಿಷ. ನಮ್ಮವರು ಕಿವಿಗೆ ಹತ್ತಿಯನ್ನೂ ಇಡದೆ ದಿನವಿಡೀ ಕೊಯ್ಯುತ್ತಾರೆ. ವರ್ಷಗಟ್ಟಲೆ ಯಂತ್ರದ ನಡುಕ ತಾಳಿದ ಕೈಗಳ ಬೆರಳುಗಳು ಚಳಿಗೆ ಬಿಳಿಚಿ ಜೋಮು ಹಿಡಿಯುತ್ತವೆ. ವೈದ್ಯವಿಜ್ಞಾನ ಈ ರೋಗವನ್ನು ದಶಕಗಳ ಹಿಂದೆಯೇ ಗುರುತಿಸಿದೆ. ನಮ್ಮಲ್ಲಿ ಅದಕ್ಕೆ 'ವಯಸ್ಸಾಯಿತು' ಎಂದು ಹೆಸರು.

ಇನ್ನು ಕೊಯ್ಯುವ ಕ್ರಮ. ಮರ ಬೀಳಬೇಕಾದ ಬದಿಯಲ್ಲಿ ಮೊದಲು ಕಾಂಡದ ವ್ಯಾಸದ ಐದನೆಯ ಅಥವಾ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ಕಚ್ಚು ತೆಗೆಯಬೇಕು. ಆಮೇಲೆ ಹಿಂಬದಿಯಿಂದ ಕೊಯ್ಯುತ್ತ ಬಂದು, ನಡುವೆ ವ್ಯಾಸದ ಹತ್ತನೆಯ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಉಳಿಸಬೇಕು. ಬಾಗಿಲಿಗೆ ಬಿಜಾಗರಿ ಇದ್ದಂತೆ ಬೀಳುವ ಮರಕ್ಕೆ ಆ ಪಟ್ಟಿ. ಅದನ್ನೂ ಕೊಯ್ದುಬಿಟ್ಟರೆ ಮರ ಎತ್ತ ಬೀಳುವುದೆಂದು ಯಾರೂ ಹೇಳಲಾರರು. ಕೊಯ್ಯುವ ಮೊದಲೇ, ಮರ ಬೀಳುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಓರೆಯಾಗಿ ಸಾಗುವ ಎರಡು ದಾರಿಗಳನ್ನು ಸವರಿ ಇಟ್ಟುಕೊಳ್ಳಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಕೂಡದು. ಸಿಕ್ಕಿಕೊಂಡು ನಿಂತ ಮರದ ಕೆಳಗೆ ಹೋಗಕೂಡದು, ಆಸರೆಯ ಮರವನ್ನು ಕೊಯ್ಯಕೂಡದು. ದೂರದಿಂದ ಹಗ್ಗ ಹಾಕಿ ಎಳೆಸಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅರಣ್ಯ ಕೆಲಸದ ಸುರಕ್ಷತೆಗೆಂದೇ 1998ರಲ್ಲಿ ಒಂದು ಸಂಹಿತೆಯನ್ನು ಪ್ರಕಟಿಸಿತು. ಅಂದರೆ ನಮ್ಮ ಗುಡ್ಡದಲ್ಲಿ ಆ ದಿನ ನಡೆದದ್ದು ವಿಧಿಯಾಟವಲ್ಲ. ಜಗತ್ತಿಗೆಲ್ಲ ತಿಳಿದಿರುವ ನಿಯಮವನ್ನು ಮೇಸ್ತ್ರಿಗೂ ಕೆಲಸಗಾರನಿಗೂ ಯಾರೂ ಕಲಿಸಿರಲಿಲ್ಲ, ಅಷ್ಟೆ.

ಕಲಿಸಿದರೂ ಪಾಲಿಸಲು ಬಿಡದ ಇನ್ನೊಂದು ಸಂಗತಿಯಿದೆ. ನಮ್ಮಲ್ಲಿ ಕೂಲಿ ನಿಗದಿಯಾಗುವುದು ಟನ್ನಿನ ಲೆಕ್ಕದಲ್ಲಿ. ದಾರಿ ಸವರುವ ಅರ್ಧ ಗಂಟೆ, ಸಿಕ್ಕಿಕೊಂಡ ಮರಕ್ಕೆ ಹಗ್ಗ ಹಾಕುವ ಒಂದು ಗಂಟೆ, ಇವೆಲ್ಲ ಕೂಲಿಯಿಲ್ಲದ ಹೊತ್ತು. ಟನ್ನಿನ ಲೆಕ್ಕದ ಕೂಲಿಯೆಂದರೆ ಎಚ್ಚರಿಕೆಗೆ ಹಾಕುವ ದಂಡ.

ಮಣ್ಣು ಅಗೆಯುವ ಯಂತ್ರಕ್ಕೆ ಮರ ಹೊರುವ ಕೆಲಸ

ಹಿಂದೆ ದಿಮ್ಮಿಗಳನ್ನು ಆನೆಗಳು ಎಳೆಯುತ್ತಿದ್ದವು. ಕಾಲು ಜಾರುವ ಕಡೆ ಆನೆ ಹೆಜ್ಜೆ ಇಡುವುದಿಲ್ಲ. ಮಾವುತ ಎಷ್ಟು ಗದರಿಸಿದರೂ ನಿಂತುಬಿಡುತ್ತದೆ. ಹಿಟಾಚಿಗೆ ಆ ಬುದ್ಧಿಯಿಲ್ಲ, ಅದನ್ನು ನಡೆಸುವ ಹುಡುಗನಿಗೆ 'ಆಗುವುದಿಲ್ಲ' ಎನ್ನುವ ಅಧಿಕಾರವಿಲ್ಲ.

ಕೂಪಿಗೆ ಬರುವ ಯಂತ್ರ ಸಾಮಾನ್ಯವಾಗಿ ಮಣ್ಣು ಅಗೆಯಲು ಮಾಡಿದ್ದು. ಅದರ ಕೋಣೆಯ ಮೇಲೆ ಬೀಳುವ ಮರದ ಪೆಟ್ಟನ್ನು ತಡೆಯುವ ಕಬ್ಬಿಣದ ಪಂಜರವಿರುವುದಿಲ್ಲ. ಒಣಗಿದ ಮರವನ್ನು ಯಂತ್ರದ ತೋಳಿನಿಂದ ದೂಡಿದಾಗ ಬುಡ ಮುಂದಕ್ಕೆ ಹೋಗಿ ನೆತ್ತಿ ಮುರಿದು ಚಾಲಕನ ತಲೆಯ ಮೇಲೆಯೇ ಬೀಳಬಹುದು. ದಿಮ್ಮಿಯನ್ನು ಎತ್ತಿ ಹಿಡಿದು ಇಳಿಜಾರಿನ ಕೆಳಬದಿಗೆ ತಿರುಗಿದರೆ ಇಡೀ ಯಂತ್ರದ ತೂಕ ಹೊರಳುತ್ತದೆ. ಯಂತ್ರ ವಾಲಿದಾಗ ಹೊರಗೆ ಜಿಗಿಯಬೇಕೆಂದು ಮನಸ್ಸು ಹೇಳುತ್ತದೆ; ಜಿಗಿದವನ ಮೇಲೆಯೇ ಯಂತ್ರ ಬೀಳುತ್ತದೆ. ರಕ್ಷಾಚೌಕಟ್ಟು ಇರುವ ಯಂತ್ರದಲ್ಲಿ ಪಟ್ಟಿ ಬಿಗಿದು ಆಸನದಲ್ಲೇ ಉಳಿದವನು ಬದುಕುತ್ತಾನೆ. ಸ್ವೀಡನ್ ದೇಶ 1959ರಿಂದಲೇ ಹೊಸ ಟ್ರಾಕ್ಟರುಗಳಿಗೆ ಇಂಥ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಅಲ್ಲಿ ಟ್ರಾಕ್ಟರ್ ಮಗುಚಿ ಸಾಯುವುದು ಅಪರೂಪವಾಯಿತು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಮರದ ಕೆಲಸವೇ ದೊಡ್ಡ ಉದ್ಯಮ. ಅಲ್ಲಿನ ನಿಯಮದಂತೆ ಮರ ಎಳೆಯುವ ಟೈರುಗಳ ಯಂತ್ರವನ್ನು ಶೇಕಡಾ 35ಕ್ಕಿಂತ ಕಡಿದಾದ ಇಳಿಜಾರಿನಲ್ಲೂ, ಸರಪಳಿ ಚಕ್ರದ ಯಂತ್ರವನ್ನು ಶೇಕಡಾ 40ಕ್ಕಿಂತ ಕಡಿದಾದ ಇಳಿಜಾರಿನಲ್ಲೂ ಸುಮ್ಮನೆ ಓಡಿಸುವಂತಿಲ್ಲ. ಮೀರಬೇಕಾದರೆ ತಿಳಿದವರು ಅಪಾಯವನ್ನು ಅಳೆದು ಲಿಖಿತ ಕ್ರಮ ರೂಪಿಸಬೇಕು. ನೂರು ಮೀಟರ್ ಸಾಗುವಾಗ ಮೂವತ್ತೈದು ಮೀಟರ್ ಏರುವ ಗುಡ್ಡ ಮಲೆನಾಡಿನಲ್ಲಿ ಏನೂ ದೊಡ್ಡದಲ್ಲ. ನಮ್ಮ ಕೂಪುಗಳಲ್ಲಿ ಇಳಿಜಾರನ್ನು ಅಳೆಯುವವರು ಯಾರು?

ಇಲ್ಲಿ ಕೃಷಿವಿಜ್ಞಾನಿಯಾಗಿ ನಾನು ಒಂದು ಮಾತು ಹೇಳಲೇಬೇಕು. ಯಂತ್ರ ಮಗುಚುವ ಇಳಿಜಾರೂ ಗುಡ್ಡ ಜಾರುವ ಇಳಿಜಾರೂ ಬೇರೆಬೇರೆಯಲ್ಲ. ಹಸಿ ಮಣ್ಣಿನ ಮೇಲೆ ಭಾರದ ಯಂತ್ರ ಮೊದಲ ಕೆಲವು ಸಲ ಓಡಾಡಿದಾಗಲೇ ಮಣ್ಣು ಬಹುಮಟ್ಟಿಗೆ ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಜಾಡಿನಲ್ಲಿ ಹರಿದ ನೀರು ಕೊರಕಲಾಗುತ್ತದೆ. ದಿಮ್ಮಿ ಇಳಿಸಲು ಕಡಿದ ಕೂಪ್ ರಸ್ತೆ ಗುಡ್ಡದ ಬುಡವನ್ನು ಸಡಿಲಿಸುತ್ತದೆ. ಮಳೆಗಾಲದಲ್ಲಿ ಆ ಧರೆ ಕೆಳಗಿನ ತೋಟಕ್ಕೆ ಇಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡ ಜರಿದು ಬಿದ್ದಾಗ ಗಂಗಾವಳಿ ನದಿಗೆ ಸೇರಿದ ವಾಹನಗಳಲ್ಲಿ ಒಂದು ಮರ ತುಂಬಿದ ಲಾರಿ. ಅದನ್ನು ಚಾಲಕನ ಶವದೊಂದಿಗೆ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಗುಡ್ಡದ ಗಾಯವೂ ಮನುಷ್ಯನ ಸಾವೂ ಎಷ್ಟು ಹತ್ತಿರದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದ್ದರಿಂದ, ಕೆಲಸಗಾರನ ಜೀವಕ್ಕೆ ಅಪಾಯವೆನಿಸುವ ಇಳಿಜಾರಿನಲ್ಲಿ ಯಂತ್ರದ ಕಟಾವು ಬೇಡ ಎಂಬ ಒಂದೇ ನಿಯಮ ಮನುಷ್ಯನನ್ನೂ ಉಳಿಸುತ್ತದೆ, ಮಣ್ಣನ್ನೂ ಉಳಿಸುತ್ತದೆ. ಚಳವಳಿಗೆ ಇದಕ್ಕಿಂತ ಗಟ್ಟಿಯಾದ ವಾದ ಇನ್ನಾವುದಿದೆ?

ಹತ್ತು ಮಂದಿ ಇಲ್ಲದವರ ಕಾನೂನು

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಂತೆ 2023ರಲ್ಲಿ ಅಲ್ಲಿನ ಒಟ್ಟು ಕೆಲಸಗಾರರಲ್ಲಿ ಒಂದು ಲಕ್ಷಕ್ಕೆ 3.5 ಮಂದಿ ಕೆಲಸದಲ್ಲಿ ಸತ್ತರು. ಮರ ಕೊಯ್ಯುವವರಲ್ಲಿ ಆ ಪ್ರಮಾಣ 98.9. ತರಬೇತಿ, ಶಿರಸ್ತ್ರಾಣ, ತಪಾಸಣೆ ಎಲ್ಲವೂ ಇರುವ ದೇಶದಲ್ಲಿಯೇ ಇದು ಸಾಮಾನ್ಯ ಕೆಲಸಕ್ಕಿಂತ ಇಪ್ಪತ್ತೆಂಟು ಪಟ್ಟು ಅಪಾಯದ ಕೆಲಸ. ಇವೊಂದೂ ಇಲ್ಲದ ಕಡೆ ಏನಾಗಬಹುದೆಂದು ಊಹಿಸಲು ಡಾಕ್ಟರೇಟ್ ಬೇಕಿಲ್ಲ.

ನಮ್ಮ ಕಾನೂನಿಗೆ ಈ ಅಪಾಯ ತಿಳಿಯದೆ ಇರಲಿಲ್ಲ. ಬ್ರಿಟಿಷರ ಕಾಲದ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಮರ ಕಡಿಯುವ ಮತ್ತು ಸಾಗಿಸುವ ಕೆಲಸದ ಹೆಸರೇ ಇತ್ತು. ಆದರೆ ಮಲೆನಾಡಿನಲ್ಲಿ ಆ ಪರಿಹಾರ ಕೇಳಿದವರು ಎಷ್ಟು ಮಂದಿ? ಕೇಳಬೇಕಾದರೆ ಯಾರ ಬಳಿ ಕೆಲಸ ಮಾಡುತ್ತಿದ್ದೆನೆಂದು ತೋರಿಸಬೇಕು. ತೋಟದ ಯಜಮಾನ ವ್ಯಾಪಾರಿಯನ್ನು ತೋರಿಸುತ್ತಾನೆ, ವ್ಯಾಪಾರಿ ಗುತ್ತಿಗೆದಾರನನ್ನು, ಗುತ್ತಿಗೆದಾರ ಮೇಸ್ತ್ರಿಯನ್ನು. ಮೇಸ್ತ್ರಿ ಆಸ್ಪತ್ರೆಯಲ್ಲಿ 'ಜಾರಿ ಬಿದ್ದ' ಎಂದು ಬರೆಸಿರುತ್ತಾನೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತದೆ. ಅದರ ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ ಐವತ್ತು ಮಂದಿ ಬೇಕು. ನಮ್ಮ ಕೂಪಿನ ಗುಂಪಿನಲ್ಲಿ ಇರುವುದು ಐದಾರು ಮಂದಿ. ಯಂತ್ರ ದೊಡ್ಡದಾದಷ್ಟೂ ಗುಂಪು ಚಿಕ್ಕದಾಗುತ್ತದೆ, ಗುಂಪು ಚಿಕ್ಕದಾದಷ್ಟೂ ಕಾನೂನು ದೂರವಾಗುತ್ತದೆ! ಆದರೆ ಅದೇ ಸಂಹಿತೆಯಲ್ಲಿ ಒಂದು ಬಾಗಿಲಿದೆ. ಜೀವಕ್ಕೆ ಅಪಾಯವಿರುವ ಕೆಲಸವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಒಬ್ಬನೇ ಕೆಲಸಗಾರನಿದ್ದರೂ ಕಾನೂನು ಅನ್ವಯವಾಗುತ್ತದೆ. ಆ ಬಾಗಿಲನ್ನು ತಟ್ಟಬೇಕಾದವರು ನಾವು.

ತಟ್ಟಿದರೆ ತೆರೆಯುತ್ತದೆ ಎಂಬುದಕ್ಕೆ ನನ್ನ ಕ್ಷೇತ್ರದಲ್ಲೇ ಉದಾಹರಣೆಯಿದೆ. ಹಸಿರು ಕ್ರಾಂತಿಯ ನಂತರ ಪಂಜಾಬು, ಹರಿಯಾಣಗಳ ಕಣಗಳಲ್ಲಿ ಗೋಧಿ ಒಕ್ಕುವ ಯಂತ್ರಗಳು ನೂರಾರು ಬಡವರ ಕೈಗಳನ್ನು ತಿಂದವು. ಕೂಲಿಯವನ ಅಜಾಗರೂಕತೆ, ನಿದ್ದೆ, ಕುಡಿತ ಎಂದೇ ಆಗಲೂ ಹೇಳಲಾಗುತ್ತಿತ್ತು. ಕೊನೆಗೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದು, ಯಂತ್ರ ತಯಾರಿಸುವವನ ಮತ್ತು ಮಾರುವವನ ಮೇಲೂ ಹೊಣೆ ಹೊರಿಸಿತು. ಮರಗರಗಸಕ್ಕೆ ಅದೇ ನ್ಯಾಯ ಏಕೆ ಬೇಡ?

ನಮ್ಮ ರಾಜ್ಯದ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಅರ್ಜಿಯಲ್ಲಿ ಮರದ ಜಾತಿ, ಸಂಖ್ಯೆ, ನಿಂತ ಜಾಗ ಎಲ್ಲವನ್ನೂ ಬರೆಯಬೇಕು. ಕೊಯ್ಯುವವನ ಹೆಸರಿಗೆ ಜಾಗವಿಲ್ಲ. ಸಿಲ್ವರ್ ಓಕಿಗಂತೂ ಆ ಅನುಮತಿಯೂ ಬೇಕಿಲ್ಲ. ಎರಡು ವರ್ಷದ ಹಿಂದೆ ನನ್ನ ತೋಟದ ಸಿಲ್ವರ್ ಓಕ್ ಮರಗಳನ್ನು ಮಾರಿದಾಗ ದರಕ್ಕಾಗಿ ನಾನು ಅರ್ಧ ದಿನ ಚೌಕಾಸಿ ಮಾಡಿದೆ. ಕೊಯ್ಯಲು ಬರುವವರಿಗೆ ಶಿರಸ್ತ್ರಾಣವಿದೆಯೆ, ವಿಮೆಯಿದೆಯೆ ಎಂದು ಅರ್ಧ ನಿಮಿಷವೂ ಕೇಳಲಿಲ್ಲ. ಈ ಪತ್ರಿಕೆಯ ಓದುಗರಲ್ಲಿ ತೋಟದವರು ಹಲವರಿದ್ದಾರೆ. ಅವರೂ ತಮ್ಮನ್ನು ಕೇಳಿಕೊಳ್ಳಲಿ.

ಮೂರು ಆಕ್ಷೇಪಣೆಗಳು

'ಇಷ್ಟು ವರ್ಷ ಮಾಡಿದವರಿಗೆ ಏನು ಕಲಿಸುತ್ತೀರಿ?' ಎಂಬುದು ಗುತ್ತಿಗೆದಾರರ ಮಾತು. ಅನುಭವಕ್ಕೆ ನಾನು ತಲೆಬಾಗುತ್ತೇನೆ. ಆದರೆ ಬದುಕುಳಿದವರ ಅನುಭವವಷ್ಟೇ ನಮ್ಮ ಮುಂದೆ ಮಾತನಾಡುತ್ತದೆ.

'ಖರ್ಚು ತಾಳದು' ಎಂಬುದು ಎರಡನೆಯದು. ಶಿರಸ್ತ್ರಾಣ, ಕಿವಿಯ ಮುಚ್ಚಳ, ಗಟ್ಟಿ ಬೂಟು, ಮತ್ತು ಸರಪಳಿ ತಾಗಿದೊಡನೆ ಎಳೆಗಳು ಬಿಚ್ಚಿ ಚಕ್ರಕ್ಕೆ ಸುತ್ತಿ ಯಂತ್ರವನ್ನೇ ನಿಲ್ಲಿಸುವ ನಾರಿನ ಕಾಲುಗವಚ. ಇವನ್ನು ಒಮ್ಮೆ ಕೊಂಡರೆ ಹಲವು ಕಟಾವುಗಳಿಗೆ ಸಾಕು. ಈ ಖರ್ಚನ್ನೂ ತಾಳದ ವ್ಯಾಪಾರವು ಲಾಭವನ್ನು ಮರದಿಂದ ತೆಗೆಯುತ್ತಿಲ್ಲ, ಮನುಷ್ಯನ ಕೈಕಾಲುಗಳಿಂದ ತೆಗೆಯುತ್ತಿದೆ.

ಮೂರನೆಯ ಆಕ್ಷೇಪಣೆ ನಮ್ಮವರದೇ. 'ಸುರಕ್ಷಿತವಾಗಿ ಕೊಯ್ಯುವುದನ್ನು ಕಲಿಸಿದರೆ ಕೊಯ್ಯುವುದನ್ನೇ ಒಪ್ಪಿದಂತಾಗುವುದಿಲ್ಲವೆ?' ಇಲ್ಲ. ಕೊಯ್ಲು ಇಂದು ಇಷ್ಟು ಅಗ್ಗವಾಗಿರುವುದೇ ಕೊಯ್ಯುವವನ ಜೀವಕ್ಕೆ ಬೆಲೆ ಕಟ್ಟದಿರುವುದರಿಂದ. ಇಳಿಜಾರನ್ನು ಅಳೆಯಬೇಕು, ಹಸಿ ನೆಲದಲ್ಲಿ ಯಂತ್ರ ನಿಲ್ಲಿಸಬೇಕು, ಕೆಲಸಗಾರನಿಗೆ ದಿನಗೂಲಿಯನ್ನೂ ವಿಮೆಯನ್ನೂ ಕೊಡಬೇಕು ಎಂದಾದಾಗ ಕಡಿದಾದ ಗುಡ್ಡಗಳ ಕಟಾವು ತಾನಾಗಿ ಲಾಭವಿಲ್ಲದ್ದಾಗುತ್ತದೆ. ಅಲ್ಲಿ ಅಕೇಶಿಯಾವನ್ನು ಕ್ರಮೇಣ ತೆಳುಗೊಳಿಸುತ್ತ, ನೆರಳಿನಲ್ಲಿ ಕಾಡುಮರಗಳು ಏಳಲು ಬಿಡುವುದೇ ಸರಿಯಾದ ದಾರಿ. ಕೆಲಸಗಾರನ ಸುರಕ್ಷತೆ ಕಾಡಿನ ಶತ್ರುವಲ್ಲ, ಅದರ ಬೇಲಿ.

ನಮ್ಮ ಹಕ್ಕೊತ್ತಾಯ

ಅರಣ್ಯ ಇಲಾಖೆ ಮತ್ತು ನಿಗಮಗಳ ಕಟಾವು ಟೆಂಡರುಗಳಲ್ಲಿ ಈ ಷರತ್ತುಗಳು ಸೇರಬೇಕೆಂದು ನಾವು ಒತ್ತಾಯಿಸಬೇಕು:

1. ಕೆಲಸಗಾರರ ಹೆಸರು, ಅವರ ತರಬೇತಿ ಮತ್ತು ವಿಮೆಯ ವಿವರಗಳನ್ನು ಕೆಲಸ ಆರಂಭವಾಗುವ ಮೊದಲೇ ದಾಖಲಿಸಬೇಕು. ಅವಘಡವಾದರೆ ಟೆಂಡರು ಪಡೆದವನೇ ಹೊಣೆಯಾಗಬೇಕು.

2. ಪ್ರತಿ ಕೂಪಿನ ಇಳಿಜಾರನ್ನು ಅಳೆದು ನಕ್ಷೆಯಲ್ಲಿ ಗುರುತಿಸಬೇಕು. ಮಿತಿ ಮೀರಿದ ಕಡೆಗೆ ಭಾರದ ಯಂತ್ರ ಹೋಗಕೂಡದು.

3. ಮೊದಲ ಮಳೆ ಬಿದ್ದೊಡನೆ ಯಂತ್ರ ನಿಲ್ಲಬೇಕು. ಮೇ ತಿಂಗಳ ಕೊನೆಯ ಧಾವಂತಕ್ಕೆ ಕಾರಣವಾಗುವ ಗುತ್ತಿಗೆಯ ಅವಧಿಗಳನ್ನು ಬದಲಿಸಬೇಕು.

4. ಟನ್ನಿನ ಲೆಕ್ಕ ಹೋಗಿ ದಿನಗೂಲಿ ಬರಬೇಕು. ಅಪಾಯವೆನಿಸಿದಾಗ 'ಆಗುವುದಿಲ್ಲ' ಎನ್ನುವ ಹಕ್ಕು ಲಿಖಿತವಾಗಿರಬೇಕು.

5. ಕೂಪಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಗಾಯಾಳುವನ್ನು ಒಯ್ಯುವ ವಾಹನವೂ ಇರಬೇಕು. ಕಟಾವಿನ ಕಾಲವೇ ಮಂಗನ ಕಾಯಿಲೆಯ ಕಾಲವೂ ಆಗಿರುವುದರಿಂದ ಉಣ್ಣೆಗಳಿಂದ ರಕ್ಷಣೆಯ ವ್ಯವಸ್ಥೆ ಆಗಬೇಕು.

6. ಮರ ಕೊಯ್ಲನ್ನು ಜೀವಾಪಾಯದ ಕೆಲಸವೆಂದು ಅಧಿಸೂಚಿಸುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಕೋರಬೇಕು.

ಇವು ಸರ್ಕಾರಕ್ಕೆ. ನಮಗೆ ನಾವೇ ಹಾಕಿಕೊಳ್ಳಬೇಕಾದ ಷರತ್ತು ಇನ್ನೂ ಸರಳ. ನಮ್ಮ ತೋಟದ ಒಂದು ಮರವನ್ನೂ ಶಿರಸ್ತ್ರಾಣವಿಲ್ಲದವನ ಕೈಯಲ್ಲಿ, ವಿಮೆಯಿಲ್ಲದವನ ಕೈಯಲ್ಲಿ ಕೊಯ್ಯಿಸುವುದಿಲ್ಲ ಎಂದು ಮುಂದಿನ ಸಭೆಯಲ್ಲಿ ನಾವು ನಿರ್ಣಯ ಮಾಡಬೇಕು. ಆ ಸಭೆಗೆ ಮರ ಕೊಯ್ಯುವವರನ್ನೂ ಹಿಟಾಚಿ ನಡೆಸುವವರನ್ನೂ ಕರೆಯಬೇಕು. ನಾವು ಮಾತನಾಡುವುದನ್ನು ನಿಲ್ಲಿಸಿ ಅವರನ್ನು ಕೇಳಬೇಕು.

ಆ ದಿನ ಕಾಲು ಜಜ್ಜಿಸಿಕೊಂಡವನು ಈಗ ಊರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಪಕ್ಕದಲ್ಲಿ ಊರುಗೋಲು. ಮೊನ್ನೆ ನನ್ನನ್ನು ಕಂಡು ಕೇಳಿದ: "ಸಾರ್, ಆ ಗುಡ್ಡದ ಮಣ್ಣು ಈ ಮಳೆಗೆ ನಿಂತೀತಾ?" ಅವನು ಗುಡ್ಡವನ್ನು ಮರೆತಿರಲಿಲ್ಲ. ಅವನನ್ನು ಮರೆತವರು ನಾವು.